ಕಾಫಿ ಕೊಯ್ಲಿನ ತಿಂಗಳಲ್ಲೇ ಕ್ಯಾಟ್: ತೋಟದ ಮನೆಗೆ ಬೇರೆ ಟೈಮ್‌ಟೇಬಲ್ ಬೇಕು

ಎಲ್ಲರಿಗೂ ನಮಸ್ಕಾರ. ಎಂಬಿಎಗೆ ಸೇರಬೇಕು, ಅದಕ್ಕೆ ಕ್ಯಾಟ್ ಪ್ರವೇಶ ಪರೀಕ್ಷೆ ಬರೆಯಬೇಕು ಅಂತಿರುವ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಮಕ್ಕಳ ಹತ್ತಿರ ಇವತ್ತು ಓದಿನ ಟೈಮ್‌ಟೇಬಲ್ ಬಗ್ಗೆ ಮಾತಾಡಬೇಕು.

ಆನ್‌ಲೈನಲ್ಲಿ ಸಿಗುವ ಪ್ಲಾನ್‌ಗಳು ಹೆಚ್ಚುಕಡಿಮೆ ಒಂದೇ ತರ. ಜೂನ್‌ನಲ್ಲಿ ನಿಧಾನವಾಗಿ ಶುರು ಮಾಡಿ, ಅಕ್ಟೋಬರ್, ನವೆಂಬರ್‌ನಲ್ಲಿ ಇಡೀ ದಿನ ಕೂತು ಮಾಕ್ (ಅಭ್ಯಾಸದ ಅಣಕು ಪರೀಕ್ಷೆ) ಮೇಲೆ ಮಾಕ್ ಬರೆಯಿರಿ ಅನ್ನುತ್ತವೆ. ದೊಡ್ಡ ಊರಲ್ಲಿ ಪಿಜಿ ರೂಮಲ್ಲಿ ಇರುವವರಿಗೆ ಸರಿ. ನಮ್ಮ ತೋಟದ ಮನೆಗಳಿಗೆ ಇದು ಆಗಿಬರುವುದಿಲ್ಲ. ಕ್ಯಾಟ್ ನಡೆಯುವುದು ನವೆಂಬರ್ ಕೊನೆಗೆ. 2023ರಲ್ಲಿ 26ನೇ ತಾರೀಕು, 2024ರಲ್ಲಿ 24. ಅರೇಬಿಕಾ ಕಾಫಿ ಹಣ್ಣಾಗುವುದೂ ಅದೇ ಹೊತ್ತಿಗೆ.

ಸಣ್ಣ ಬೆಳೆಗಾರರ ಮನೆಯಲ್ಲಿ ಆಗ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತಲ್ವಾ? ಲೆಕ್ಕ ಬರೆಯಲು ರೈಟರ್ ಇಟ್ಟುಕೊಳ್ಳುವಷ್ಟು ದೊಡ್ಡ ತೋಟ ಇರುವುದಿಲ್ಲ. ಸಂಜೆ ಕೆಲಸದವರು ಹಣ್ಣಿನ ಚೀಲ ತಂದು ಇಳಿಸುತ್ತಾರೆ. ತೂಕದ ಹತ್ತಿರ ನಿಂತು ಯಾರದ್ದು ಎಷ್ಟು ಕೆಜಿ ಅಂತ ಬರೆದುಕೊಳ್ಳುವುದು ಓದಿದ ಮಗಳ ಪಾಲಿಗೇ ಬರುತ್ತದೆ. ಕೊನೆಯ ಚೀಲ ತೂಗುವಷ್ಟರಲ್ಲಿ ಕತ್ತಲಾಗಿರುತ್ತದೆ. ಆಮೇಲೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್, ಓಡಬೇಕು. ಕುಯ್ದ ಹಣ್ಣನ್ನು ಹಾಗೇ ಇಟ್ಟರೆ ಹುಳಿ ಬಂದು ಕಾಫಿ ಕೆಡುತ್ತದೆ, ನಾಳೆ ನೋಡೋಣ ಅನ್ನುವ ಹಾಗಿಲ್ಲ. ಆ ಮಗಳಿಗೆ 'ಈಗ ಎಂಟು ಗಂಟೆ ಓದು' ಅನ್ನುವ ಪ್ಲಾನ್ ಕೊಟ್ಟರೆ ಅವಳು ಓದುವುದಕ್ಕಿಂತ ಜಾಸ್ತಿ ಕೊರಗುತ್ತಾಳೆ. ನನಗೆ ಇದು ನಿಜವಾಗಲೂ ಸಂಕಟದ ವಿಷಯ. ಬುದ್ಧಿ ಇರುವ ಮಕ್ಕಳು ತಮ್ಮಿಂದ ಆಗಲ್ಲ ಅಂತ ಕೈಬಿಡುತ್ತಾರೆ.

ಹಾಗಾಗಿ ನಾನು ಹೇಳುವುದು ಇಷ್ಟೇ. ನಮ್ಮ ಕಡೆ ಕ್ಯಾಟ್ ಓದಿನ ಭಾರವೆಲ್ಲ ಮಳೆಗಾಲದ ಮೇಲೆ ಬೀಳಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಗೆ ಓಡಾಟ ಕಡಿಮೆ. ಪಾಠ ಮುಗಿಸುವುದೂ, ಮಾಕ್ ಬರೆಯಲು ಶುರು ಮಾಡುವುದೂ ಆ ನಾಲ್ಕು ತಿಂಗಳಲ್ಲೇ ಆಗಬೇಕು. ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಇರುವುದಿಲ್ಲ, ಒಪ್ಪುತ್ತೇನೆ. ಅದಕ್ಕೇ ಮೇ ತಿಂಗಳಲ್ಲೇ ಹಳೆಯ ಪ್ರಶ್ನೆಪತ್ರಿಕೆಗಳನ್ನು ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ. ವಿಡಿಯೋ ನಂಬಿ ಕೂತರೆ ಆಗಸ್ಟ್ ಸುಮ್ನೆ ಕಳೆದುಹೋಗುತ್ತದೆ.

ಇನ್ನು ಗಂಟೆಗಳ ಲೆಕ್ಕ. ಕ್ಯಾಟ್‌ನಲ್ಲಿ ಮೂರು ಭಾಗ, ಒಂದೊಂದಕ್ಕೂ 40 ನಿಮಿಷ, ಒಂದರಿಂದ ಇನ್ನೊಂದಕ್ಕೆ ಹಾರುವ ಹಾಗಿಲ್ಲ. ಆದರೆ ಮೂರಕ್ಕೂ ಒಂದೇ ತರ ಸಮಯ ಹಂಚುವುದು ತಪ್ಪು. ಇಂಗ್ಲಿಷ್ ಭಾಗದಲ್ಲಿ ಹೆಚ್ಚಿನ ಪ್ರಶ್ನೆಗಳು ಪ್ಯಾಸೇಜ್ ಓದಿ ಉತ್ತರಿಸುವಂಥವು. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಆ ವೇಗ ಒಂದು ವಾರದಲ್ಲಿ ಬರುವುದಿಲ್ಲ. ದಿನಾ ಅರ್ಧ ಗಂಟೆ, ತಿಂಗಳುಗಟ್ಟಲೆ ಬೇಕು. ಡೇಟಾ ಮತ್ತು ಲಾಜಿಕ್ ಸೆಟ್‌ಗಳಿಗೆ, ಅಂದರೆ ಒಂದೇ ಮಾಹಿತಿಯ ಮೇಲೆ ಕೇಳುವ ಪ್ರಶ್ನೆಗಳ ಗುಂಪಿಗೆ, ಅರ್ಧ ಗಂಟೆ ಸಾಲದು. ಯಾರೂ ಕರೆಯದ ಪೂರ್ತಿ ಒಂದು ಗಂಟೆ ಬೇಕು, ಅದಕ್ಕೆ ಬೆಳಗಿನ ಜಾವವೇ ಸರಿ. ಗಣಿತವನ್ನು ವಾರಕ್ಕೊಂದು ಚಾಪ್ಟರ್ ಅಂತ ಇಟ್ಟುಕೊಂಡರೆ ನಡೆಯುತ್ತದೆ.

ಬಸ್ಸಿನಲ್ಲಿ ಓದುತ್ತೇನೆ ಅನ್ನುವವರಿಗೆ ಒಂದು ಮಾತು. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಬರುವ ತಿರುವುಗಳಲ್ಲಿ ಪುಸ್ತಕ ಹಿಡಿದರೆ ತಲೆ ತಿರುಗುತ್ತದೆ, ಅಷ್ಟೇ. ಆ ಹೊತ್ತನ್ನು ಓದಿನ ಲೆಕ್ಕಕ್ಕೆ ಸೇರಿಸಲೇಬೇಡಿ. ಬೇಕಿದ್ದರೆ ಇಂಗ್ಲಿಷ್‌ನಲ್ಲಿ ಏನಾದರೂ ಕೇಳಿಸಿಕೊಳ್ಳಿ.

ಒಂದು ಮಾಕ್‌ಗೆ ಎರಡು ಗಂಟೆ. ತಪ್ಪಿದ್ದೆಲ್ಲಿ ಅಂತ ನೋಡಲು ಅದಕ್ಕಿಂತ ಜಾಸ್ತಿ ಸಮಯ ಇಡಿ. ತಪ್ಪು ಆಯ್ಕೆಗೆ ಒಂದು ಅಂಕ ಕಳೆಯುತ್ತಾರೆ, ಹಾಗಾಗಿ ಯಾವ ಪ್ರಶ್ನೆ ಬಿಡಬೇಕಿತ್ತು ಅನ್ನುವುದೂ ಓದಿನ ಭಾಗವೇ. ಪರೀಕ್ಷೆ ಬೆಳಿಗ್ಗೆ 8.30, ಮಧ್ಯಾಹ್ನ 12.30, ಸಂಜೆ 4.30, ಹೀಗೆ ಮೂರು ಸ್ಲಾಟ್‌ನಲ್ಲಿ ನಡೆಯುತ್ತದೆ. ನಿಮ್ಮದು ಯಾವುದು ಅಂತ ನೀವು ಆರಿಸುವ ಹಾಗಿಲ್ಲ. ಮೂರೂ ಹೊತ್ತಲ್ಲಿ ಮಾಕ್ ಬರೆದು ನೋಡಿ.

ಹಾಸನದವರಿಗೆ ದೀಪಾವಳಿ ಸಮಯದಲ್ಲಿ ಹಾಸನಾಂಬೆ ಬಾಗಿಲು ತೆರೆಯುತ್ತದೆ. ಮನೆ ತುಂಬ ನೆಂಟರು. ಆ ದಿನಗಳನ್ನು ಪ್ಲಾನ್‌ನಲ್ಲಿ ಖಾಲಿ ಬಿಡಿ, ದರ್ಶನ ಮಾಡಿ ಬನ್ನಿ.

ಕೆಲಸದಲ್ಲಿದ್ದು, ಎಂಬಿಎಗೆ ಇರುವ ಇನ್ನೊಂದು ಪರೀಕ್ಷೆ ಜಿಮ್ಯಾಟ್ ಯೋಚನೆ ಇರುವವರಿಗೆ ಈ ತೊಂದರೆ ಕಡಿಮೆ. ಅದರ ತಾರೀಕು ನಿಮ್ಮ ಕೈಯಲ್ಲೇ ಇದೆ, ಸ್ಕೋರ್ ಐದು ವರ್ಷ ನಡೆಯುತ್ತದೆ. ಕೊಯ್ಲು ಬಿಟ್ಟು ಸೆಪ್ಟೆಂಬರ್‌ಗೆ ಬುಕ್ ಮಾಡಿ.

ಕೊನೆಯದಾಗಿ ಅಪ್ಪ ಅಮ್ಮಂದಿರಿಗೆ. ನವೆಂಬರ್‌ನಲ್ಲಿ ಮಗಳು ಪೂರ್ತಿ ದಿನ ಓದಲಿ ಅಂತ ನಾನು ಕೇಳುತ್ತಿಲ್ಲ. ಪರೀಕ್ಷೆಗೆ ಮುಂಚಿನ ಎರಡು ವಾರ, ಸಂಜೆ ತೂಕದ ಪುಸ್ತಕ ಬರೆಯಲು ಬೇರೆಯವರನ್ನು ಗೊತ್ತು ಮಾಡಿಕೊಳ್ಳಿ. ಅದನ್ನು ಗೌರಿ ಹಬ್ಬದ ಹೊತ್ತಿಗೇ ಮಾತಾಡಿ ಇಟ್ಟುಕೊಳ್ಳಿ, ಕೊಯ್ಲು ಶುರುವಾದ ಮೇಲೆ ಯಾರೂ ಸಿಗುವುದಿಲ್ಲ.