ಕಂಟೇನರ್ ಸ್ವಯಂಚಾಲನೆಗೆ ತಡೆಯೊಡ್ಡುವ ಹಳೆಯ ಲೈಬ್ರರಿಗಳು

ಮಾನ್ಯ ಸಭಿಕರೇ,

ಹೊರವರ್ತುಲ ರಸ್ತೆ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ಅನೇಕರು ಇಲ್ಲಿ ಸೇರಿದ್ದೀರಿ. ನಿಮಗೆಲ್ಲ ಪರಿಚಿತವಾದ ಒಂದು ತೊಡಕನ್ನು ಇಂದು ಬಿಡಿಸಿ ನೋಡಬೇಕೆಂದಿದ್ದೇನೆ. ಒಂದು ಸೌಲಭ್ಯವಿದೆಯೆಂದು, ಸರ್ವರ್‌ಗಳ ಕೆಲಸವನ್ನು ತಾನಾಗಿ ಮಾಡಿಸುವ ಉಪಕರಣವಾದ ಆನ್ಸಿಬಲ್‌ನ ಕೈಪಿಡಿ ಹೇಳುತ್ತದೆ, ಸರ್ವರ್‌ನಲ್ಲಿರುವ ಡಾಕರ್ ಎಂಜಿನ್, ಅಂದರೆ ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ವ್ಯವಸ್ಥೆ, ಕೂಡ ಅದನ್ನು ಬಲ್ಲದು. ಆದರೂ ಆನ್ಸಿಬಲ್‌ನ ಕೆಲಸದ ಪಟ್ಟಿಯಾದ ಪ್ಲೇಬುಕ್ ಓಡಿಸಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ತಡೆ ಇರುವುದು ಇವೆರಡರ ನಡುವಿನ ಪೈಥಾನ್ ಲೈಬ್ರರಿಯಲ್ಲಿ, ಅಂದರೆ ಸಿದ್ಧ ಕೋಡ್‌ನ ಕಟ್ಟಿನಲ್ಲಿ.

ಡಾಕರ್ ಎಂಜಿನ್ ಹೊರಗಿನವರೊಡನೆ ವ್ಯವಹರಿಸುವುದು ಎಚ್‌ಟಿಟಿಪಿ ಎಪಿಐ, ಅಂದರೆ ಬೇರೆ ತಂತ್ರಾಂಶಗಳು ಕೋರಿಕೆ ಸಲ್ಲಿಸುವ ಬಾಗಿಲಿನ, ಮೂಲಕ. ಆನ್ಸಿಬಲ್‌ನ ಡಾಕರ್ ಮಾಡ್ಯೂಲ್‌ಗಳು (ಒಂದೊಂದು ಕೆಲಸ ಮಾಡುವ ಘಟಕಗಳು) ಬಹುಕಾಲ ಅದನ್ನು ನೇರವಾಗಿ ಮುಟ್ಟದೆ, ಡಾಕರ್‌ನ ಪೈಥಾನ್ ಎಸ್‌ಡಿಕೆಯ, ಅಂದರೆ ನಾನು ಹೇಳಿದ ಆ ಲೈಬ್ರರಿಯ, ಕೈಯಿಂದ ಕೆಲಸ ಮಾಡಿಸುತ್ತಿದ್ದವು. ಹೀಗಾಗಿ ಎಂಜಿನ್‌ಗೆ ಹೊಸ ಸಾಮರ್ಥ್ಯ ಬಂದರಷ್ಟೇ ಸಾಲದು, ಲೈಬ್ರರಿಗೂ ಅದು ತಿಳಿದಿರಬೇಕಿತ್ತು. ಕಂಟೇನರ್‌ಗೆ ಜಿಪಿಯು (ಗ್ರಾಫಿಕ್ಸ್ ಸಂಸ್ಕಾರಕ) ಒದಗಿಸುವ ಆಯ್ಕೆಯನ್ನೇ ನೋಡಿ: ಎಂಜಿನ್ ಕಡೆಯಿಂದ ಎಪಿಐ 1.40, ಅಂದರೆ ಡಾಕರ್ 19.03 ಬೇಕು, ಲೈಬ್ರರಿ ಕಡೆಯಿಂದ 4.3.0 ಬೇಕಿತ್ತು. ಮೊದಲನೆಯದಿದ್ದು ಎರಡನೆಯದಿಲ್ಲದಿದ್ದರೆ, ಬೇಕಾದ ಆವೃತ್ತಿಯನ್ನು ಹೆಸರಿಸಿ ಮಾಡ್ಯೂಲ್ ನಿಂತುಬಿಡುತ್ತಿತ್ತು. ಇದನ್ನು ಕಿರಿಕಿರಿಯೆಂದು ಬಗೆಯುವವರಿದ್ದಾರೆ. ನನಗದು ಪ್ರಾಮಾಣಿಕ ನಡವಳಿಕೆಯಾಗಿ ಕಾಣುತ್ತದೆ. ಕೇಳಿದ ಆಯ್ಕೆಯನ್ನು ಸದ್ದಿಲ್ಲದೆ ಕೈಬಿಟ್ಟು, ಜಿಪಿಯು ಇಲ್ಲದ ಕಂಟೇನರನ್ನು ಎಬ್ಬಿಸಿ, ಎಲ್ಲವೂ ಸರಿಯಾಗಿದೆ ಎಂದು ವರದಿ ಕೊಟ್ಟಿದ್ದರೆ ಕಾರಣ ಹುಡುಕಲು ದಿನಗಳೇ ಹಿಡಿಯುತ್ತಿದ್ದವು.

ಗೊಂದಲ ಹೆಚ್ಚಿಸಿದ ಇನ್ನೊಂದು ಸಂಗತಿಯಿದೆ. 1.10.6ರವರೆಗೆ ಈ ಲೈಬ್ರರಿಯ ಪ್ಯಾಕೇಜ್ ಡಾಕರ್-ಪೈ ಎಂದಿತ್ತು, 2.0ರಿಂದ ಬರೀ ಡಾಕರ್ ಎಂದಾಯಿತು. ಎರಡೂ ಒಂದೇ ಹೆಸರಿನ ಫೋಲ್ಡರ್‌ನಲ್ಲಿ ಕುಳಿತುಕೊಳ್ಳುವುದರಿಂದ, ಹಳೆಯದರ ಮೇಲೆ ಹೊಸದನ್ನು ಹಾಕಿ ಬಳಿಕ ಹಳೆಯದನ್ನು ತೆಗೆದರೆ ಹೊಸದರ ಕಡತಗಳೂ ಕಳಚಿಹೋಗುತ್ತವೆ. ಎರಡನ್ನೂ ತೆಗೆದುಹಾಕಿ ಹೊಸದನ್ನು ಮಾತ್ರ ಮತ್ತೆ ಹಾಕುವುದೇ ಸರಿಯಾದ ದಾರಿ. ಲೈಬ್ರರಿ ಇರಬೇಕಾದದ್ದು ಮಾಡ್ಯೂಲ್ ಓಡುವ ಯಂತ್ರದಲ್ಲಿ, ಅದೂ ಆನ್ಸಿಬಲ್ ಅಲ್ಲಿ ಬಳಸುವ ಪೈಥಾನ್‌ನಲ್ಲೇ ಎಂಬುದನ್ನೂ ಮರೆಯಬಾರದು. ತಮ್ಮ ಲ್ಯಾಪ್‌ಟಾಪ್‌ನಲ್ಲಿ ಲೈಬ್ರರಿಗಳನ್ನು ಹಾಕುವ ಪಿಪ್ ಓಡಿಸಿ, ದೂರದ ಸರ್ವರ್ ಏಕೆ ಬದಲಾಗಲಿಲ್ಲವೆಂದು ಕೇಳುವವರನ್ನು ನಾನು ಇಂದಿಗೂ ಕಾಣುತ್ತೇನೆ.

ಹಾಗಾದರೆ ಎಲ್ಲವನ್ನೂ ಇತ್ತೀಚಿನದಕ್ಕೆ ಏರಿಸಿದರಾಯಿತೇ? ಅದೂ ಅಷ್ಟು ಸುಲಭವಲ್ಲ. ಸೆಂಟ್‌ಓಎಸ್ 7 ಎಂಬ ಹಳೆಯ ಲಿನಕ್ಸ್‌ನ ಪೈಥಾನ್ 2.7ನ್ನು ನೆಚ್ಚಿದ ಸರ್ವರ್‌ಗಳಿಗೆ ಈ ಲೈಬ್ರರಿಯ 5.0 ಆವೃತ್ತಿ ಸಿಗಲೇ ಇಲ್ಲ, ಏಕೆಂದರೆ ಅದು ಪೈಥಾನ್ 2.7ರ ಬೆಂಬಲವನ್ನು ಕೈಬಿಟ್ಟಿತ್ತು. ಇದಕ್ಕೆ ವಿರುದ್ಧವಾದ ಪೆಟ್ಟು 2024ರ ಮೇ ತಿಂಗಳಲ್ಲಿ ಬಿತ್ತು: ಎಚ್‌ಟಿಟಿಪಿ ಕೋರಿಕೆ ಕಳಿಸಲು ಡಾಕರ್ ಲೈಬ್ರರಿ ನೆಚ್ಚುವ ರಿಕ್ವೆಸ್ಟ್ಸ್ ಲೈಬ್ರರಿಯ 2.32 ಬಂದೊಡನೆ ಹಳೆಯ ಡಾಕರ್ ಲೈಬ್ರರಿ ಎಂಜಿನ್‌ನ ವಿಳಾಸವನ್ನೇ ಗುರುತಿಸದಾಯಿತು, ಡಾಕರ್ ಲೈಬ್ರರಿಯ 7.1.0 ಅದನ್ನು ಸರಿಪಡಿಸಿತು. ಒಂದನ್ನು ತಾನಾಗಿಯೇ ಏರಲು ಬಿಟ್ಟು ಇನ್ನೊಂದನ್ನು ಕಟ್ಟಿಹಾಕಿದವರೇ ಹೆಚ್ಚು ತೊಂದರೆಪಟ್ಟರು.

2022ರಲ್ಲಿ ಸಮುದಾಯದ ಡಾಕರ್ ಕಲೆಕ್ಷನ್‌ನ (ಆನ್ಸಿಬಲ್‌ನ ಡಾಕರ್ ಮಾಡ್ಯೂಲ್‌ಗಳ ಕಟ್ಟಿನ) 3.0.0 ಆವೃತ್ತಿ, ಎಸ್‌ಡಿಕೆಯ ಬೇಕಾದ ಭಾಗವನ್ನು ತನ್ನೊಳಗೇ ತಂದುಕೊಂಡು ಬಹುಪಾಲು ಮಾಡ್ಯೂಲ್‌ಗಳನ್ನು ಈ ಅವಲಂಬನೆಯಿಂದ ಬಿಡಿಸಿತು. ಅದನ್ನು ನೋಡಿಕೊಳ್ಳುವವರಿಗೆ ನಾವೆಲ್ಲ ಋಣಿಗಳು. ಆದರೂ ರಿಕ್ವೆಸ್ಟ್ಸ್‌ನ ಅಗತ್ಯ ಉಳಿದಿದೆ. ಇನ್ನೊಂದೆಡೆ, 2025ರ ನವೆಂಬರ್‌ನಲ್ಲಿ ಬಂದ ಡಾಕರ್ ಎಂಜಿನ್ 29, ಎಪಿಐ 1.44ಕ್ಕಿಂತ ಕೆಳಗಿನ ಕೋರಿಕೆಗಳನ್ನು ತಿರಸ್ಕರಿಸತೊಡಗಿತು. ಹಳೆಯ ಲೈಬ್ರರಿಯಿಂದ ಹೊಸ ಸೌಲಭ್ಯವಷ್ಟೇ ತಪ್ಪುತ್ತಿದ್ದ ಕಾಲ ಮುಗಿದು, ಇದ್ದ ಸಂಪರ್ಕವೇ ಕಡಿಯುವ ಕಾಲ ಬಂದಿದೆ.

ಆದ್ದರಿಂದ ನನ್ನ ಕೋರಿಕೆ ಸ್ಪಷ್ಟ. ಸರ್ವರ್‌ನ ಮೂಲ ಪೈಥಾನನ್ನು ಮುಟ್ಟದೆ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ (ಪೈಥಾನ್ ಮತ್ತು ಅದರ ಲೈಬ್ರರಿಗಳಿಗೆ ಬೇರೆಯದೇ ಜಾಗ) ನಿರ್ಮಿಸಿ, ಅದರಲ್ಲಿ ಡಾಕರ್ ಮತ್ತು ರಿಕ್ವೆಸ್ಟ್ಸ್‌ಗಳ ಆವೃತ್ತಿಗಳನ್ನು ಜೊತೆಯಾಗಿ ನಿಗದಿಪಡಿಸಿ, ಆನ್ಸಿಬಲ್‌ಗೆ ಆ ಪೈಥಾನ್‌ನ ದಾರಿಯನ್ನೇ ತಿಳಿಸಿ. ಎಂಜಿನ್‌ನ ಎಪಿಐ ಆವೃತ್ತಿಯ ಪರಿಶೀಲನೆಯನ್ನು ಪ್ಲೇಬುಕ್‌ನ ಮೊದಲ ಟಾಸ್ಕ್ ಆಗಿಸಿ, ಕಂಟೇನರ್‌ಗಳನ್ನು ಮುಟ್ಟುವ ಟಾಸ್ಕ್‌ಗಳನ್ನು ಅದರ ನಂತರವೇ ಇರಿಸಿ.