ನಡುವೆ ನಿಲ್ಲಬಾರದ ನೆರವು

ಕೇಳುಗರಿಗೆ ನಮಸ್ಕಾರ.

ವಿದೇಶಿ ನೆರವು ಎಂದ ಕೂಡಲೇ ನೂರಾರು ಕೋಟಿಗಳ ಮಾತು ಬರುತ್ತದೆ. ಇವತ್ತು ಅದನ್ನು ಬದಿಗಿಟ್ಟು, 92 ಗ್ರಾಂ ತೂಕದ ಒಂದು ಪೊಟ್ಟಣದ ವಿಷಯ ಹೇಳುತ್ತೇನೆ. ಒಳಗಿರುವುದು ಶೇಂಗಾ ಪೇಸ್ಟ್, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್, ಖನಿಜ. ಶಕ್ತಿ 500 ಕ್ಯಾಲೊರಿ. ನೈಜರ್, ನೈಜೀರಿಯಾ, ಸುಡಾನ್‌ಗಳಲ್ಲಿ ಎಲುಬು ಕಾಣುವಷ್ಟು ಬಡಕಲಾದ ಮಕ್ಕಳಿಗೆ ಇದೇ ಊಟ, ಇದೇ ಔಷಧಿ.

ಮಗುವಿನ ತೋಳಿಗೆ ಬಣ್ಣದ ಅಳತೆಪಟ್ಟಿ ಸುತ್ತುತ್ತಾರೆ. ನಮ್ಮ ಅಂಗನವಾಡಿ ಕಾರ್ಯಕರ್ತೆಯರಿಗೆ ಈ ಪಟ್ಟಿ ಚೆನ್ನಾಗಿ ಗೊತ್ತು. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಜ್ವರ, ಊತ ಏನೂ ಇಲ್ಲದೆ ಮಗು ಪೊಟ್ಟಣವನ್ನು ಚೀಪಿ ತಿಂದರೆ, ವಾರಕ್ಕೆ ಬೇಕಾದಷ್ಟು ಕೊಟ್ಟು ಮನೆಗೆ ಕಳಿಸುತ್ತಾರೆ. ಆರರಿಂದ ಎಂಟು ವಾರದ ಚಿಕಿತ್ಸೆಗೆ ಸುಮಾರು 150 ಪೊಟ್ಟಣ, ಅಂದರೆ ಒಂದು ಪೆಟ್ಟಿಗೆ. ಮೂರನೇ ವಾರಕ್ಕೆ ದಾಸ್ತಾನು ಮುಗಿಯಿತೋ, ಏರಿದ ತೂಕ ಇಳಿಯುತ್ತದೆ. ಆದ್ದರಿಂದ ದಯವಿಟ್ಟು ಒಂದು ಮಾತು ನೆನಪಿಡಿ: ನಡುವೆ ನಿಲ್ಲಬಾರದು.

ಈ ಪೊಟ್ಟಣ ಹುಟ್ಟಿದ ಬಗೆ ಹೇಳಲೇಬೇಕು. ಮೊದಲು ಇಂಥ ಮಕ್ಕಳಿಗೆ ಕೊಡುತ್ತಿದ್ದದ್ದು ವಿಶೇಷ ಹಾಲಿನ ಪುಡಿ. ಅದನ್ನು ಕಾಯಿಸಿ ಆರಿಸಿದ ನೀರಲ್ಲಿ ಕಲಸಬೇಕು, ಕೆಲವೇ ಗಂಟೆಗಳಲ್ಲಿ ಕುಡಿಸಬೇಕು. ನೀರು ಕೊಳಕಾದರೆ ಹಾಲೇ ಭೇದಿ ತರುತ್ತದೆ. ಹಾಗಾಗಿ ತಾಯಿ ವಾರಗಟ್ಟಲೆ ಆಸ್ಪತ್ರೆಯಲ್ಲೇ ಇರಬೇಕು. ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರಾರು, ಹೊಲದ ಕಳೆ ಕೀಳುವವರಾರು? ಎಷ್ಟೋ ತಾಯಂದಿರು ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಫ್ರೆಂಚ್ ವೈದ್ಯ ಆಂದ್ರೆ ಬ್ರಿಯಾಂಡ್ ಅದೇ ಪುಡಿಯನ್ನು ಬಿಸ್ಕತ್ತು, ದೋಸೆಯಂಥ ತಿನಿಸುಗಳಾಗಿ ಮಾಡಿ ನೋಡಿದರು. ಬೇಯಿಸಿದರೆ ವಿಟಮಿನ್ ಹಾಳು, ಇಲ್ಲವೇ ರುಚಿ ಕೆಟ್ಟಿತು. ಕೊನೆಗೆ ದಾರಿ ತೋರಿಸಿದ್ದು ಬ್ರೆಡ್ಡಿಗೆ ಸವರುವ ನುಟೆಲ್ಲಾದ ಬಾಟಲಿ! ಕೊಬ್ಬು, ಸಕ್ಕರೆ, ಹಾಲಿನ ಪುಡಿ ಇದ್ದೂ ನೀರಿಲ್ಲದ ಪೇಸ್ಟ್ ಅದು. ಹಾಲಿನ ಪುಡಿಯ ಒಂದು ಪಾಲು ತೆಗೆದು ಶೇಂಗಾ ಸೇರಿಸಿದರು. ಫ್ರಾನ್ಸಿನ ನಾರ್ಮಂಡಿಯ ನ್ಯೂಟ್ರಿಸೆಟ್ ಕಂಪನಿಯ ಮಿಶೆಲ್ ಲೆಸ್ಕಾನ್ ಜೊತೆಗೂಡಿ 1996ರಲ್ಲಿ ಅದಕ್ಕೆ ರೂಪ ಕೊಟ್ಟರು. ನೀರಿಲ್ಲದ್ದರಿಂದ ರೋಗಾಣು ಬೆಳೆಯದು, ಫ್ರಿಜ್ ಇಲ್ಲದೆ ಎರಡು ವರ್ಷ ಕೆಡದು. 2005ರ ಬರಗಾಲದಲ್ಲಿ ನೈಜರ್‌ನ 60,000ಕ್ಕೂ ಹೆಚ್ಚು ಮಕ್ಕಳಿಗೆ ಗಡಿಗಳಿಲ್ಲದ ವೈದ್ಯರ ಸಂಸ್ಥೆ ಇದೇ ಬಗೆಯಲ್ಲಿ ಚಿಕಿತ್ಸೆ ಕೊಟ್ಟಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳು ಮನೆಯಲ್ಲೇ ಕೊಡುವ ಚಿಕಿತ್ಸೆಯನ್ನು ಒಪ್ಪಿದವು.

ಇಷ್ಟು ಒಳ್ಳೆಯ ವ್ಯವಸ್ಥೆ ಎಲ್ಲಿ ಕೈಕೊಟ್ಟಿತು ಕೇಳಿ. 2025ರ ಜನವರಿ 20ರಂದು, ಈ ಪೊಟ್ಟಣಗಳಿಗೂ ಹಣ ಕೊಡುತ್ತಿದ್ದ ಅಮೆರಿಕ ತನ್ನ ವಿದೇಶಿ ನೆರವನ್ನು 90 ದಿನ ತಡೆಹಿಡಿಯಿತು. ಜೀವ ಉಳಿಸುವ ನೆರವಿಗೆ ವಿನಾಯಿತಿ ಅಂದರು, ಬಿಲ್ಲುಗಳ ಪಾವತಿಯೇ ನಿಂತಿತ್ತು. ಕಟ್ಟಿಟ್ಟ ಪೆಟ್ಟಿಗೆಗಳು ಗೋದಾಮಿನಲ್ಲೇ ಕೂತವು. 1961ರಿಂದ ಇದ್ದ ಅಮೆರಿಕದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ ಜುಲೈ 1ಕ್ಕೆ ಮುಚ್ಚಿತು. ಅದೇ ತಿಂಗಳು, ದುಬೈ ಗೋದಾಮಿನಲ್ಲಿ ಅವಧಿ ಮೀರಿದ ಸುಮಾರು 500 ಟನ್ ಪೌಷ್ಟಿಕ ಬಿಸ್ಕತ್ತನ್ನು ಸುಡಬೇಕಾಯಿತು. ದುಡ್ಡು ಕೊಟ್ಟು ಕೊಂಡದ್ದು ಅದು! ಜುಲೈ ಕೊನೆಗೆ ಈಶಾನ್ಯ ನೈಜೀರಿಯಾದಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ನೆರವಿನ 150 ಪೌಷ್ಟಿಕ ಕೇಂದ್ರಗಳ ಕೆಲಸ ನಿಂತಿತು. ಬ್ರಿಟನ್ ಕೂಡ ತನ್ನ ರಾಷ್ಟ್ರೀಯ ಆದಾಯದಲ್ಲಿ ನೆರವಿನ ಪಾಲನ್ನು 2027ಕ್ಕೆ ಶೇ 0.5ರಿಂದ 0.3ಕ್ಕೆ ಇಳಿಸುವುದಾಗಿ ಹೇಳಿದೆ.

ನೆರವು ಕಡಿಮೆ ಮಾಡುವುದು ಆಯಾ ದೇಶದ ತೀರ್ಮಾನ. ಆದರೆ ಚಿಕಿತ್ಸೆ ನಡೆಯುತ್ತಿರುವಾಗ ನಿಲ್ಲಿಸಬಾರದು. ಕಾರ್ಖಾನೆ, ಹಡಗು, ಬಂದರು, ಲಾರಿ ದಾಟಿ ಹಳ್ಳಿಗೆ ಪೊಟ್ಟಣ ಮುಟ್ಟಲು ತಿಂಗಳುಗಳೇ ಬೇಕು. ಇವತ್ತು ನಿಂತ ಆರ್ಡರ್ ಇನ್ನು ಕೆಲವು ತಿಂಗಳಿಗೆ ಖಾಲಿ ಕಪಾಟಾಗುತ್ತದೆ.

ಸಮಯ ಕಡಿಮೆ ಇದೆ, ಬೇಗ ಹೇಳಿಬಿಡುತ್ತೇನೆ. ಈ ಪೊಟ್ಟಣಗಳ ಖರೀದಿ ಆಯಾ ದೇಶದ ಸ್ವಂತ ಬಜೆಟ್ಟಿಗೆ ಬರಬೇಕು. 2025ರಲ್ಲಿ ನೈಜೀರಿಯಾದ ಸಂಸತ್ತು ಆರೋಗ್ಯಕ್ಕೆ ಹೆಚ್ಚುವರಿ 20 ಕೋಟಿ ಡಾಲರ್ ಒಪ್ಪಿತು. ಸರ್ಕಾರ ತಾನೇ ಪೊಟ್ಟಣ ಕೊಂಡರೆ ಅಷ್ಟೇ ಮೊತ್ತ ಸೇರಿಸುವ ನಿಧಿ ಯುನಿಸೆಫ್‌ನಲ್ಲಿದೆ. ನೈಜರ್ ರಾಜಧಾನಿ ನಿಯಾಮೆಯಲ್ಲಿ ಕಾರ್ಖಾನೆಯೂ ಇದೆ. ಅಲ್ಲೇ ಬೆಳೆದ ಶೇಂಗಾ ಅಲ್ಲೇ ಪೇಸ್ಟಾದರೆ ಎಷ್ಟು ಚೆನ್ನ! ಆದರೆ ಇಂಥ ಕಾರ್ಖಾನೆಗಳಿಗೆ ಎರಡು ತೊಡಕು. ಶೇಂಗಾ ಹಸಿಯಾಗಿ ಉಳಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುತ್ತದೆ, ಆ ಕಾಳು ಬಳಸುವಂತಿಲ್ಲ. ಇನ್ನು ಹಾಲಿನ ಪುಡಿ, ವಿಟಮಿನ್ ಮಿಶ್ರಣ ಹೊರಗಿಂದ ಬರುತ್ತವೆ. ನೆರವಾಗಿ ಬರುವ ಸಿದ್ಧ ಪೊಟ್ಟಣಕ್ಕೆ ಸುಂಕವಿಲ್ಲ, ಆದರೆ ಕಚ್ಚಾ ಸಾಮಗ್ರಿಗೆ ಎಷ್ಟೋ ಕಡೆ ಸುಂಕವಿದೆ. ಸ್ಥಳೀಯ ಪೊಟ್ಟಣ ದುಬಾರಿಯಾಗುವುದು ಹೀಗೆ. ಆ ಸುಂಕ ತೆಗೆಯಲು ಯಾವ ದಾನಿಯೂ ಬೇಕಿಲ್ಲ, ಅಲ್ಲಿನ ಹಣಕಾಸು ಸಚಿವರ ಒಂದು ಆದೇಶ ಸಾಕು.

ನಮಸ್ಕಾರ.