ಚಂದಾ ರಸೀದಿ ಮತ್ತು ಕಾರ್ಮಿಕರ ಪಕ್ಷ

ಮಾನ್ಯ ಅಧ್ಯಕ್ಷರೇ, ಮಂಡ್ಯದ ಹಿರಿಯರೇ, ಪಾಳಿ ಮುಗಿಸಿ ನೇರವಾಗಿ ಇಲ್ಲಿಗೇ ಬಂದಿರುವ ಗೆಳೆಯರೇ,

ಕಾರ್ಮಿಕ ಸಂಘಗಳೇ ಹಣ ಹಾಕಿ, ಜನ ಕೊಟ್ಟು ಕಟ್ಟಿದ ರಾಜಕೀಯ ಪಕ್ಷವೆಂದಾಗ ಮೊದಲು ನೆನಪಾಗುವುದು ಬ್ರಿಟನ್ನಿನ ಲೇಬರ್ ಪಕ್ಷ. ಅದರ ಸಿದ್ಧಾಂತದ ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಿದೆ. ಅದರ ಲೆಕ್ಕಪುಸ್ತಕವನ್ನು ತೆರೆದು ನೋಡಿದವರು ಕಡಿಮೆ. ಸದಸ್ಯನ ಒಪ್ಪಿಗೆ ಪಡೆದು, ಸಂಘದ ಮಾಮೂಲು ಚಂದಾದಿಂದ ಬೇರೆಯಾಗಿ ಎತ್ತಿದ ಸಣ್ಣ ಮೊತ್ತ, ಮತ್ತು ಅದನ್ನು ಎತ್ತುವುದಕ್ಕಾಗಿ ತಿರುಗುವ ಸಂಘಟಕ: ಇಂತಹ ಪಕ್ಷದ ಏಳುಬೀಳು ಈ ಎರಡರ ಮೇಲೆ ನಿಂತಿದೆ ಎಂಬುದು ನನ್ನ ವಾದ.

1900ರ ಫೆಬ್ರುವರಿ ಕೊನೆಯಲ್ಲಿ ಲಂಡನ್ನಿನ ಮೆಮೋರಿಯಲ್ ಹಾಲ್‌ನಲ್ಲಿ ಸಂಘಗಳ ಹಾಗೂ ಸಮಾಜವಾದಿ ಸಂಸ್ಥೆಗಳ ಪ್ರತಿನಿಧಿಗಳು ಸೇರಿ, ಮುಂದೆ ಲೇಬರ್ ಪಕ್ಷವಾದ ಕಾರ್ಮಿಕ ಪ್ರಾತಿನಿಧ್ಯ ಸಮಿತಿಯನ್ನು ರಚಿಸಿದರು. ಬಾಲ್ಯದಲ್ಲೇ ಗಣಿಗಿಳಿದಿದ್ದ ಕೀರ್ ಹಾರ್ಡಿ ಅದರ ಮುಂದಾಳು. ಕಾರ್ಯದರ್ಶಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಆರಂಭದಲ್ಲಿ ಸಂಬಳವಿಲ್ಲದೆ ದುಡಿದರು. ಅದೇ ವರ್ಷದ ಚುನಾವಣೆಯಲ್ಲಿ ಗೆದ್ದವರು ಇಬ್ಬರೇ. ಅನೇಕ ಸಂಘಗಳು ನೋಡೋಣವೆಂದು ಹೊರಗೇ ಉಳಿದಿದ್ದವು. ಅಷ್ಟರಲ್ಲಿ ವೇಲ್ಸ್‌ನ ಟ್ಯಾಫ್ ವೇಲ್ ರೈಲ್ವೆಯ ಮುಷ್ಕರದಿಂದಾದ ನಷ್ಟವನ್ನು ಸಂಘವೇ ತುಂಬಿಕೊಡಬೇಕೆಂಬ ಹೊಣೆಯನ್ನು 1901ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಎತ್ತಿಹಿಡಿಯಿತು. ಆ ರೈಲ್ವೆ ನೌಕರರ ಸಂಘ 23,000 ಪೌಂಡ್ ಪರಿಹಾರ ಕಟ್ಟಬೇಕಾಯಿತು. ಮುಷ್ಕರ ಹೂಡಿದರೆ ಖಜಾನೆಯೇ ಹೋಗುತ್ತದೆಂದು ತಿಳಿದಾಗ ಸಂಘಗಳು ಸಾಲುಸಾಲಾಗಿ ಸಮಿತಿಗೆ ಸೇರಿದವು. 1903ರಲ್ಲಿ ಸಂಸತ್ ನಿಧಿಯೊಂದು ಹುಟ್ಟಿತು; ತಲೆಗೆ ವರ್ಷಕ್ಕೆ ಒಂದು ಪೆನ್ನಿ. ಸಂಸದರಿಗೆ ಆಗ ಸರ್ಕಾರದ ಸಂಬಳವಿರಲಿಲ್ಲವಾದ್ದರಿಂದ, ಕೂಲಿ ಬಿಟ್ಟು ಸಂಸತ್ತಿಗೆ ಹೋದವನ ಹೊಟ್ಟೆಪಾಡು ಈ ಪೆನ್ನಿಗಳಿಂದಲೇ ನಡೆಯಬೇಕಿತ್ತು. 1906ರಲ್ಲಿ 29 ಮಂದಿ ಗೆದ್ದರು. ಲಿಬರಲ್ ಪಕ್ಷದೊಂದಿಗೆ ಮ್ಯಾಕ್‌ಡೊನಾಲ್ಡ್ ಗುಟ್ಟಾಗಿ ಮಾಡಿಕೊಂಡಿದ್ದ ಸ್ಥಾನ ಹೊಂದಾಣಿಕೆಯ ಪಾಲು ಆ ಗೆಲುವಿನಲ್ಲಿ ದೊಡ್ಡದೇ ಎನ್ನುವುದನ್ನು ಮರೆಮಾಚಬೇಕಿಲ್ಲ. ಅದೇ ವರ್ಷ ಹೊಸ ಕಾಯಿದೆ ಬಂದು ಟ್ಯಾಫ್ ವೇಲ್ ತೀರ್ಪಿನ ಕಾಟ ತಪ್ಪಿತು.

ಮುಂದಿನ ಪೆಟ್ಟು ಒಳಗಿನಿಂದಲೇ ಬಿತ್ತು. ಆಸ್ಬೋರ್ನ್ ಎಂಬ ರೈಲ್ವೆ ನೌಕರ, ತನ್ನ ಚಂದಾ ಪಕ್ಷಕ್ಕೆ ಹೋಗಕೂಡದೆಂದು ತನ್ನ ಸಂಘದ ಮೇಲೇ ದಾವೆ ಹೂಡಿ 1909ರಲ್ಲಿ ಗೆದ್ದ. 1913ರ ಕಾಯಿದೆ ಒಂದು ಮಧ್ಯದ ದಾರಿ ತೋರಿಸಿತು: ಸದಸ್ಯರ ಮತದಾನ ನಡೆಸಿ ಪ್ರತ್ಯೇಕ ರಾಜಕೀಯ ನಿಧಿ ಸ್ಥಾಪಿಸಬಹುದು, ಕೊಡಲೊಲ್ಲದವನು ಬರೆದುಕೊಟ್ಟು ಹೊರಗುಳಿಯಬಹುದು. 1926ರ ಸಾರ್ವತ್ರಿಕ ಮುಷ್ಕರ ಸೋತ ಮೇಲೆ, 1927ರಲ್ಲಿ, ಸರ್ಕಾರ ಈ ನಿಯಮವನ್ನು ತಲೆಕೆಳಗು ಮಾಡಿತು. ಇನ್ನು ಮುಂದೆ ಬರೆದುಕೊಡಬೇಕಾದವನು ಕೊಡುವವನೇ. ಪಕ್ಷದೊಂದಿಗೆ ಜೋಡಿಸಿಕೊಂಡಿದ್ದ ಸಂಘ ಸದಸ್ಯರ ಸಂಖ್ಯೆ ಸ್ವಲ್ಪ ಕಾಲದಲ್ಲೇ ಮೂರನೇ ಒಂದು ಭಾಗದಷ್ಟು ಕುಸಿಯಿತು. ಅಷ್ಟು ಜನರ ನಂಬಿಕೆ ಅಷ್ಟು ಬೇಗ ಕರಗಿತೆಂದು ನಾನು ಒಪ್ಪಲಾರೆ. ಫಾರಂ ಹಿಡಿದು ಒಬ್ಬೊಬ್ಬನ ಬಳಿ ನಿಂತು ರುಜು ಹಾಕಿಸಿಕೊಳ್ಳುವ ಕೆಲಸ ಎಲ್ಲ ಕಡೆ ನಡೆಯಲಿಲ್ಲ, ಅಷ್ಟೆ. 1946ರಲ್ಲಿ ಹಳೆಯ ಪದ್ಧತಿ ಮರಳಿತು.

ನಮ್ಮಲ್ಲಿ 2025ರವರೆಗೆ ಜಾರಿಯಲ್ಲಿದ್ದ 1926ರ ಕಾರ್ಮಿಕ ಸಂಘಗಳ ಕಾಯಿದೆಯ ಹದಿನಾರನೆಯ ಕಲಂ ಈ ಜಗಳದ ನೆರಳಿನಲ್ಲೇ ಹುಟ್ಟಿದ್ದು. ಸಂಘದ ಸಾಮಾನ್ಯ ನಿಧಿಯಿಂದ ಚುನಾವಣೆಗೆ ಖರ್ಚು ಮಾಡುವಂತಿಲ್ಲ, ಪ್ರತ್ಯೇಕ ನಿಧಿ ಬೇಕು, ಅದಕ್ಕೆ ಕೊಡುವಂತೆ ಯಾರನ್ನೂ ಬಲವಂತಪಡಿಸಕೂಡದು, ಕೊಡದವನಿಗೆ ಸಂಘದ ಸವಲತ್ತು ತಪ್ಪಿಸಕೂಡದು. ನ್ಯಾಯವಾದ ನಿಯಮವೇ. ಆದರೆ ಕಂಪನಿಯೊಂದು ಪಕ್ಷಕ್ಕೆ ದೇಣಿಗೆ ಕೊಡಲು ನಿರ್ದೇಶಕ ಮಂಡಳಿಯ ಒಂದು ನಿರ್ಣಯ ಸಾಕು, ಷೇರುದಾರರನ್ನು ಒಬ್ಬೊಬ್ಬರಾಗಿ ಕೇಳಬೇಕಿಲ್ಲ ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು.

ದಾರಿಯನ್ನು ಕಾನೂನು ತೆರೆದಿಟ್ಟಿದ್ದರೂ ನಮ್ಮವರು ಅದರಲ್ಲಿ ಹೆಚ್ಚು ನಡೆಯಲಿಲ್ಲ, ಏಕೆಂದರೆ ಇಲ್ಲಿ ಬಹುಮಟ್ಟಿಗೆ ಸಂಘಗಳು ಪಕ್ಷ ಕಟ್ಟಲಿಲ್ಲ, ಪಕ್ಷಗಳು ಸಂಘ ಕಟ್ಟಿದವು. 1920ರಲ್ಲಿ ಒಂದೇ ಸೂರಿನಡಿ ಆರಂಭವಾದ ಎಐಟಿಯುಸಿ ಎಂಬ ಸಂಘಗಳ ಒಕ್ಕೂಟದ ಮಗ್ಗುಲಲ್ಲಿ 1947ರಲ್ಲಿ ಕಾಂಗ್ರೆಸ್ಸಿನವರ ಇಂಟಕ್, ಮರುವರ್ಷ ಸಮಾಜವಾದಿಗಳ ಎಚ್‌ಎಂಎಸ್, 1955ರಲ್ಲಿ ಆರೆಸ್ಸೆಸ್ ಬಳಗದ ಬಿಎಂಎಸ್, 1970ರಲ್ಲಿ ಸಿಪಿಎಂನ ಸಿಐಟಿಯು ಬಂದವು. ಒಂದು ಪಕ್ಷ ಒಡೆದರೆ ಕಾರ್ಖಾನೆಯ ಗೇಟಿನಲ್ಲಿ ಇನ್ನೊಂದು ಬಾವುಟ ಏರುತ್ತದೆ. ಬೇಡಿಕೆ ಪಟ್ಟಿ ಮಾತ್ರ ಅದೇ.

ಡೆಮಾಕ್ರಟಿಕ್, ರಿಪಬ್ಲಿಕನ್ ಎರಡು ಪಕ್ಷಗಳೂ ಮಾಲೀಕರವೇ, ದುಡಿಯುವವರಿಗೆ ತಮ್ಮದೊಂದು ಬೇಕು ಎಂದು ಅಮೆರಿಕದಲ್ಲಿ ಊರೂರು ತಿರುಗಿದ ಟೋನಿ ಮಝೊಕಿ ತೈಲ ಮತ್ತು ರಾಸಾಯನಿಕ ಕಾರ್ಮಿಕರ ಸಂಘದಿಂದ ಬಂದವರು. 1996ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಸ್ಥಾಪನೆಯಾದ ಅವರ ಪಕ್ಷ, ಬಲ ಬರುವವರೆಗೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ತೀರ್ಮಾನಿಸಿತು. ಎಚ್ಚರಿಕೆಯ ನಡೆ ನಿಜ, ಆದರೆ ಮತ ಕೇಳದ ಪಕ್ಷಕ್ಕೆ ಸಂಘಗಳು ಎಷ್ಟು ಕಾಲ ಹಣ ಕೊಟ್ಟಾವು? 2002ರಲ್ಲಿ ಮಝೊಕಿ ತೀರಿಕೊಂಡ ಮೇಲೆ ಅದು ಕ್ರಮೇಣ ಮಂಕಾಯಿತು.

ನಮ್ಮ ಜಿಲ್ಲೆಯ ಅನುಭವ ಇದಕ್ಕಿಂತ ಗಟ್ಟಿಯಾದದ್ದು. ರೈತ ಸಂಘ ಕಾರ್ಮಿಕ ಸಂಘವಲ್ಲ, ಒಪ್ಪುತ್ತೇನೆ. ಆದರೂ ಸಂಘ ಮೊದಲು, ಪಕ್ಷ ಆಮೇಲೆ ಎಂಬ ಕ್ರಮ ಇಲ್ಲಿ ಕಣ್ಣೆದುರಿಗೇ ಇದೆ. ಹಸಿರು ಶಾಲಿನ ಚಳವಳಿಯಿಂದ ಬಂದ ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದಲೂ, ಆಮೇಲೆ ಸರ್ವೋದಯ ಕರ್ನಾಟಕ ಪಕ್ಷದವರಾಗಿ 2013ರಲ್ಲಿ ಮೇಲುಕೋಟೆಯಿಂದಲೂ ಗೆದ್ದರು. 2023ರಲ್ಲಿ ಮೇಲುಕೋಟೆಯಿಂದ ಅವರ ಮಗ ದರ್ಶನ್ ಗೆದ್ದಾಗ ಕಾಂಗ್ರೆಸ್ ಅಲ್ಲಿ ಅಭ್ಯರ್ಥಿಯನ್ನು ಹಾಕದೆ ಬೆಂಬಲಿಸಿತ್ತು. ಮ್ಯಾಕ್‌ಡೊನಾಲ್ಡರ ಹೊಂದಾಣಿಕೆ ನೆನಪಾಗದೆ ಇರದು. ಆ ಗೆಲುವುಗಳು ಒಂದೆರಡು ತಾಲ್ಲೂಕುಗಳನ್ನು ದಾಟಲಿಲ್ಲವೇಕೆ ಎಂದು ಕೇಳಿದರೆ, 1933ರಿಂದ ಇರುವ ನಮ್ಮ ಸಕ್ಕರೆ ಕಾರ್ಖಾನೆಯನ್ನೇ ನೋಡಬೇಕೆನಿಸುತ್ತದೆ. ಅರೆಯುವಿಕೆ ನಿಂತಾಗ ಗದ್ದೆಯಲ್ಲಿ ಕಬ್ಬು ಒಣಗುತ್ತದೆ, ಒಳಗೆ ಸಂಬಳ ಬಾಕಿ ಬೀಳುತ್ತದೆ. ಕಷ್ಟ ಒಂದೇ ಆದರೂ ಗದ್ದೆಯವನ ಸಂಘ ಬೇರೆ, ಬಾಯ್ಲರ್ ಮುಂದಿನವನ ಸಂಘ ಬೇರೆ; ಇಬ್ಬರೂ ಸೇರಿ ಹಣ ಹಾಕಿದ ಒಂದು ನಿಧಿ ನೆಲೆಯೂರಲಿಲ್ಲ.

ಈಗ ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ ಇಂತಹ ನಿಧಿ ಎತ್ತಲು ಹೊರಡುವವನಿಗೆ ಸಿಗುವವರಲ್ಲಿ ಗುತ್ತಿಗೆ ಕಾರ್ಮಿಕರು ಬಹಳ. ಖಾಯಂ ನೌಕರನ ಚಂದಾ ಆಡಳಿತದ ಒಪ್ಪಿಗೆಯಿದ್ದರೆ ಸಂಬಳದಲ್ಲೇ ಮುರಿದು ಸಂಘಕ್ಕೆ ಬರುತ್ತದೆ. ಗುತ್ತಿಗೆದಾರ ಬದಲಾದರೆ ಸಾಕು, ಗುತ್ತಿಗೆಯವನ ಹಾಜರಿ ಪುಸ್ತಕವೇ ಬದಲಾಗುತ್ತದೆ. ಅವನ ಹತ್ತು ರೂಪಾಯಿಗೆ ಅವನ ಬಾಡಿಗೆ ಕೋಣೆಗೇ ಹೋಗಬೇಕು, ಅದೂ ಸಂಬಳವಾದ ವಾರದೊಳಗೆ, ಎರಡು ರಸೀದಿ ಪುಸ್ತಕ ಹಿಡಿದು. ಒಂದು ಸಂಘದ್ದು, ಇನ್ನೊಂದು ರಾಜಕೀಯ ನಿಧಿಯದು. ಎರಡನೆಯದಕ್ಕೆ ಆತ ಬೇಡವೆಂದರೆ ಮೊದಲನೆಯದನ್ನು ಹರಿದುಕೊಟ್ಟು ಪಕ್ಕದ ಕೋಣೆಗೆ ನಡೆಯಬೇಕು.